ನೀಲಿ ಕಡತ ಹಿಡಿದು ಬರುವ ‘ಫುಟ್‌ಬಾಲ್ ನಿರ್ದೇಶಕ’ರ ಬಗ್ಗೆ ಎಚ್ಚರವಿರಲಿ

ಇದನ್ನು ಬರೆಯಲು ಎರಡು ತಿಂಗಳು ಹಿಂದೆ ಮುಂದೆ ನೋಡಿದೆ. ಹೋದ ವಾರ ಬಂದ ಒಂದು ಫೋನ್ ಕರೆಯ ನಂತರ ಇನ್ನು ಸುಮ್ಮನಿರುವುದು ತಪ್ಪು ಎನ್ನಿಸಿತು.

ತುಮಕೂರಿನಲ್ಲಿ ನಮ್ಮದೊಂದು ಸಣ್ಣ ಫುಟ್‌ಬಾಲ್ ಕ್ಲಬ್ ಇದೆ. ನಾನು ಅದರ ಕಾರ್ಯದರ್ಶಿ. ಬೆಳಿಗ್ಗೆ ಐದೂವರೆಗೆ ಅಭ್ಯಾಸ, ಐವತ್ತರ ಹತ್ತಿರ ಹುಡುಗರು, ಹನ್ನೊಂದು ಚೆಂಡು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಒಬ್ಬ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು ಒಂದು ರೂಪಾಯಿ ಪಡೆಯದೆ ಕಲಿಸುತ್ತಾ ಬಂದಿದ್ದಾರೆ. ನಮಗೆಲ್ಲ ಅವರು ಮೇಷ್ಟ್ರು.

ಕಳೆದ ವರ್ಷ ಬೇಸಿಗೆ ಶಿಬಿರದ ಹೊತ್ತಿಗೆ ಬೆಂಗಳೂರಿನಿಂದ ಒಬ್ಬ ಮನುಷ್ಯ ಬಂದ. ನಲವತ್ತರ ವಯಸ್ಸು, ಒಳ್ಳೆಯ ಮಾತು, ಕೈಯಲ್ಲಿ ನೀಲಿ ಬಣ್ಣದ ಕಡತ. ದೊಡ್ಡ ಕ್ಲಬ್‌ಗಳಲ್ಲಿ ಇರುವಂತೆ ನಮ್ಮಲ್ಲೂ ಒಬ್ಬ ಫುಟ್‌ಬಾಲ್ ನಿರ್ದೇಶಕ ಇರಬೇಕು, ಆ ಹುದ್ದೆಗೆ ತಾನು ಬರುತ್ತೇನೆ, ಮೊದಲ ವರ್ಷ ಸಂಬಳವೇ ಬೇಡ ಎಂದ. ಕಡತದಲ್ಲಿ ಮೂರು ಕ್ಲಬ್‌ಗಳ ಪ್ರಶಂಸಾಪತ್ರಗಳಿದ್ದವು. ಲ್ಯಾಮಿನೇಟ್ ಮಾಡಿಸಿದ ಒಂದು ಪ್ರಮಾಣಪತ್ರವೂ ಇತ್ತು. ಅದನ್ನು ಅವನು ‘ನನ್ನ ಲೈಸೆನ್ಸ್’ ಎಂದು ಕರೆದ.

ಆಮೇಲೆ ಮೂರು ವಾರ ನಮ್ಮಲ್ಲಿ ನಡೆದ ವಾದವನ್ನು ಏನೆಂದು ಹೇಳಲಿ! ಅಭ್ಯಾಸ ಮುಗಿದ ಮೇಲೆ ಚಹಾ ಅಂಗಡಿಯ ಮುಂದೆ, ರಾತ್ರಿ ಮೊಬೈಲ್‌ನಲ್ಲಿ, ಭಾನುವಾರ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವಾಗ, ಎಲ್ಲ ಕಡೆಯೂ ಅದೇ ಮಾತು. ರಾತ್ರಿ ನಿದ್ದೆಗೆಟ್ಟು ಇಂಗ್ಲೆಂಡಿನ ಪಂದ್ಯ ನೋಡುವ ಕಾಲೇಜು ಹುಡುಗರಿಗೆ ಈ ಹುದ್ದೆಯ ಮೇಲೆ ಅಪಾರ ನಂಬಿಕೆ. ಒಬ್ಬ, ಸ್ಪೇನ್‌ನ ಸೆವಿಯಾ ಕ್ಲಬ್‌ನ ಮೋಂಚಿಯ ಕಥೆ ತೆಗೆದ. 2000ರಲ್ಲಿ ತಂಡ ಎರಡನೇ ದರ್ಜೆಗೆ ಇಳಿದಾಗ ಮಾಜಿ ಗೋಲ್‌ಕೀಪರ್ ಒಬ್ಬನಿಗೆ ಈ ಕೆಲಸ ಕೊಟ್ಟರು, ಅವನು ಅಗ್ಗಕ್ಕೆ ಸಿಗುವ ಹುಡುಗರನ್ನು ಹುಡುಕಿ ತಂದ, 2006 ಮತ್ತು 2007ರಲ್ಲಿ ಯುರೋಪಿನ ಕ್ಲಬ್‌ಗಳು ಆಡುವ ಯುಇಎಫ್‌ಎ ಕಪ್ ಬಂತು, 2014ರಿಂದ 2016ರವರೆಗೆ ಸತತ ಮೂರು ಬಾರಿ ಯುರೋಪಾ ಲೀಗ್ ಬಂತು ಎಂದು ಪಟ್ಟಿ ಒಪ್ಪಿಸಿದ. ಇನ್ನೊಬ್ಬ, ಅಷ್ಟು ದೂರ ಏಕೆ, ಕೇರಳ ಬ್ಲಾಸ್ಟರ್ಸ್ 2020ರಲ್ಲಿ ಲಿಥುವೇನಿಯಾದ ಕರೋಲಿಸ್ ಸ್ಕಿನ್ಕಿಸ್ ಅವರನ್ನು ಇದೇ ಹುದ್ದೆಗೆ ಕರೆತಂದ ಮೇಲಲ್ಲವೇ 2022ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್ ಆಡಿದ್ದು ಎಂದ. ವಿರೋಧಿಗಳ ಬಳಿಯೂ ಉತ್ತರವಿತ್ತು. ಮ್ಯಾಂಚೆಸ್ಟರ್ ಯುನೈಟೆಡ್ 2024ರ ಜುಲೈಯಲ್ಲಿ ಡ್ಯಾನ್ ಆ್ಯಶ್‌ವರ್ತ್ ಅವರನ್ನು ಇಂಥದ್ದೇ ಹುದ್ದೆಗೆ ತಂದು ಡಿಸೆಂಬರ್‌ನಲ್ಲೇ ಬೀಳ್ಕೊಟ್ಟಿತಲ್ಲ, ಅದಕ್ಕೇನು ಹೇಳುತ್ತೀರಿ ಎಂದು ಕೇಳಿದರು.

ಆ ವಾದದಲ್ಲಿ ತಿರುಳಿರಲಿಲ್ಲ ಎಂದು ನಾನು ಈಗಲೂ ಹೇಳುವುದಿಲ್ಲ. ತರಬೇತುದಾರ ಮುಂದಿನ ಶನಿವಾರದ ಪಂದ್ಯ ನೋಡುತ್ತಾನೆ, ನಿರ್ದೇಶಕ ಮೂರು ವರ್ಷದ ಆಚೆ ನೋಡುತ್ತಾನೆ. ಯಾವ ಆಟಗಾರನನ್ನು ತರಬೇಕು, ಯಾರನ್ನು ಬಿಡಬೇಕು, ಕಿರಿಯರ ತಂಡದಿಂದ ಯಾರನ್ನು ಮೇಲೆತ್ತಬೇಕು ಎಂಬುದು ತರಬೇತುದಾರ ಬದಲಾದಾಗಲೆಲ್ಲ ಬದಲಾಗಬಾರದು ಎಂದೇ ಈ ಹುದ್ದೆ ಹುಟ್ಟಿದ್ದು. ನಮ್ಮ ಹುಡುಗರು ಹದಿನಾರಕ್ಕೆ ಆಟ ಬಿಟ್ಟು ವಸಂತನರಸಾಪುರದ ಕಾರ್ಖಾನೆಗಳಿಗೆ ಸೇರುವುದನ್ನು ವರ್ಷ ವರ್ಷವೂ ನೋಡಿದವನು ನಾನು. ದಾರಿ ತೋರಿಸುವವರೊಬ್ಬರು ಬೇಕಿತ್ತು. ಹಾಗಾಗಿ ಸಭೆಯಲ್ಲಿ ಆ ಮನುಷ್ಯನ ಪರವಾಗಿ ಎಲ್ಲರಿಗಿಂತ ಗಟ್ಟಿಯಾಗಿ ಮಾತನಾಡಿದೆ.

ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರು. “ಹುಡುಗರ ಹೆಸರಿನಲ್ಲಿ ಹಣ ಎತ್ತಿದರೆ ಅದು ಯಾರ ಖಾತೆಗೆ ಹೋಗುತ್ತದೆ?” ಅದನ್ನು ನಾನು ಅಸಮಾಧಾನದ ಮಾತೆಂದು ತಿಳಿದೆ. ಹುದ್ದೆ ಬೇಕೋ ಬೇಡವೋ ಎಂದು ಮೂರು ವಾರ ಕಿತ್ತಾಡಿದ ನಾವು, ಎದುರಿಗೆ ಕುಳಿತ ಮನುಷ್ಯ ಯಾರು ಎಂದು ತಿಳಿಯಲು ಹತ್ತು ನಿಮಿಷ ಕೊಡಲಿಲ್ಲ. ಆ ಮೂರು ಪತ್ರಗಳ ಕೆಳಗೆ ಫೋನ್ ಸಂಖ್ಯೆಗಳಿದ್ದವು. ಒಬ್ಬರೂ ಕರೆ ಮಾಡಲಿಲ್ಲ.

ಜೂನ್‌ನಲ್ಲಿ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ ಅವನನ್ನು ಬರಮಾಡಿಕೊಂಡೆವು. ಮೇಷ್ಟ್ರು ಮಾರನೆಯ ದಿನದಿಂದ ಮೈದಾನಕ್ಕೆ ಬರುವುದನ್ನು ನಿಲ್ಲಿಸಿದರು. ಎರಡು ತಿಂಗಳು ಎಲ್ಲವೂ ಚೆನ್ನಾಗಿಯೇ ನಡೆಯಿತು. ಹೊಸ ಕೋನ್‌ಗಳು ಬಂದವು, ಹುಡುಗರ ಓಟದ ವಿಡಿಯೊ ಮಾಡಿದ, ಪೋಷಕರ ಸಭೆ ಕರೆದ. ಸೆಪ್ಟೆಂಬರ್‌ನಲ್ಲಿ ಪೋರ್ಚುಗಲ್ ಮಾತು ಬಂತು. ಅಲ್ಲಿನ ಕ್ಲಬ್ ಒಂದರಲ್ಲಿ ಮೂರು ವಾರದ ಆಯ್ಕೆ ಶಿಬಿರ, ಆಯ್ಕೆಯಾದರೆ ಅಲ್ಲೇ ಒಪ್ಪಂದ, ಮುಂಗಡ 85,000 ರೂಪಾಯಿ. ಒಂಬತ್ತು ಹುಡುಗರನ್ನು ಆರಿಸಿದ. ಎಲ್ಲರೂ ಹದಿನೈದು, ಹದಿನಾರರವರು. ಹಣ ಪಡೆಯಲು ತೋರಿಸಿದ ಕ್ಯೂಆರ್ ಕೋಡ್ ಅವನ ಸ್ವಂತ ಖಾತೆಯದು. ‘ಕ್ಲಬ್ ಖಾತೆಯಿಂದ ವಿದೇಶಕ್ಕೆ ಹಣ ಕಳಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ’ ಎಂಬ ಕಾರಣ ಕೊಟ್ಟ, ನಾವು ಒಪ್ಪಿಕೊಂಡೆವು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ನೋಂದಣಿಯಾದ ಕ್ಲಬ್ ನಮ್ಮದು. ಕ್ಲಬ್ ಹೆಸರಿನಲ್ಲಿ ಸಂಗ್ರಹಿಸಿದ ಹಣ ಅಧ್ಯಕ್ಷರು ಮತ್ತು ಖಜಾಂಚಿಯ ಜಂಟಿ ಸಹಿಯ ಖಾತೆಗೇ ಹೋಗಬೇಕು ಎಂದು ನಮ್ಮ ಬೈಲಾದಲ್ಲಿ ಬರೆದಿದೆ. ಆ ಬೈಲಾ ನನ್ನ ಮನೆಯ ಕಪಾಟಿನಲ್ಲೇ ಇತ್ತು.

ಹುಡುಗನೊಬ್ಬನ ತಾಯಿ ಗುಬ್ಬಿ ಕಡೆಯ ಹಳ್ಳಿಯಿಂದ ನನ್ನ ಮನೆಗೆ ಬಂದರು. ಅಡಕೆ ಸುಲಿಯುವ ಕೂಲಿ ಕೆಲಸ ಅವರದು, ಬೆರಳ ತುದಿಗಳೆಲ್ಲ ಕಪ್ಪಾಗಿದ್ದವು. ಓಲೆ ಮತ್ತು ಸರ ಅಡವಿಡಬೇಕು, ಇಡಲೋ ಬೇಡವೋ ಎಂದು ಕೇಳುವುದಕ್ಕೇ ಬಂದಿದ್ದರು. “ಧೈರ್ಯವಾಗಿ ಕೊಡಿ ಅಕ್ಕ” ಎಂದೆ.

ಹೊರಡುವ ದಿನ ಬೆಳಗಿನ ಜಾವ ನಾಲ್ಕಕ್ಕೆ ಬಟವಾಡಿಯಲ್ಲಿ ಒಂಬತ್ತೂ ಮನೆಯವರು ಸೇರಿದ್ದರು. ಮೊದಲು ಬೆಂಗಳೂರಿನಲ್ಲಿ ವೀಸಾಕ್ಕೆ ಬೆರಳಚ್ಚು ಕೊಡಬೇಕು, ಮಿನಿ ಬಸ್ ಬರುತ್ತದೆ ಎಂದಿದ್ದ. ಆ ತಾಯಿ ಮಗನ ಪಾಸ್‌ಪೋರ್ಟನ್ನು ದೇವರ ಮುಂದಿಟ್ಟು ತಂದಿದ್ದರು. ನೀಲಿ ಹೊದಿಕೆಯ ಮೇಲೆ ಅರಿಶಿನ ಕುಂಕುಮದ ಎರಡು ಬೊಟ್ಟುಗಳಿದ್ದವು. ಹುಡುಗ ಕುಂಕುಮ ಅಂಗಿಗೆ ತಾಗದಂತೆ ಅದನ್ನು ಎರಡು ಬೆರಳಲ್ಲಿ ಹಿಡಿದು ನಿಂತಿದ್ದ. ಆರು ಗಂಟೆಗೆ ಆ ನಿರ್ದೇಶಕನ ಫೋನ್ ರಿಂಗಾಯಿತು, ಎತ್ತಲಿಲ್ಲ. ಏಳಕ್ಕೆ ಸ್ವಿಚ್ ಆಫ್. ಒಂಬತ್ತರವರೆಗೂ ಯಾರೂ ಕದಲಲಿಲ್ಲ. ಕೊನೆಗೆ ಆ ತಾಯಿ ನನ್ನ ಹತ್ತಿರ ಬಂದು, “ನೀವು ಹೇಳಿದಿರಿ ಎಂದು ಕೊಟ್ಟೆ ಅಣ್ಣಾ” ಎಂದರು. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲೆ ತಿಳಿದುಕೊಂಡದ್ದನ್ನು ನೀವು ಮೊದಲೇ ತಿಳಿದುಕೊಳ್ಳಿ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮದ ಪ್ರಕಾರ ಹದಿನೆಂಟು ತುಂಬದ ಆಟಗಾರನನ್ನು ಬೇರೆ ದೇಶದ ಕ್ಲಬ್‌ಗೆ ವರ್ಗಾಯಿಸುವಂತಿಲ್ಲ. ಕೆಲವು ವಿನಾಯಿತಿಗಳಿವೆ. ತಂದೆತಾಯಿ ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಅದು ಅಂಥದ್ದೊಂದು. ತುಮಕೂರಿನ ಹದಿನೈದರ ಹುಡುಗನಿಗೆ ಪೋರ್ಚುಗಲ್‌ನಲ್ಲಿ ಒಪ್ಪಂದ ಕೊಡಿಸುತ್ತೇನೆ ಎಂಬ ಮಾತು ಬಾಯಿಂದ ಬಿದ್ದ ಕ್ಷಣವೇ ನಮಗೆ ಗೊತ್ತಾಗಬೇಕಿತ್ತು. ಆಟಗಾರರ ಏಜೆಂಟ್ ಆಗಲು ಫಿಫಾ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು. ಪಡೆದವರ ಹೆಸರುಗಳನ್ನು ಫಿಫಾ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಇವನ ಹೆಸರು ಅಲ್ಲಿಲ್ಲ. ತರಬೇತಿಯ ಲೈಸೆನ್ಸ್‌ಗಳಿಗೂ ಒಂದು ಕ್ರಮವಿದೆ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ‘ಡಿ’, ಅದರ ಮೇಲೆ ಏಷ್ಯಾ ಒಕ್ಕೂಟದ ‘ಸಿ’, ‘ಬಿ’, ‘ಎ’, ‘ಪ್ರೊ’. ಅವನು ಲ್ಯಾಮಿನೇಟ್ ಮಾಡಿಸಿಕೊಂಡಿದ್ದು ಇವು ಯಾವುವೂ ಅಲ್ಲ, ಒಂದು ದಿನದ ಕಾರ್ಯಾಗಾರದಲ್ಲಿ ಭಾಗವಹಿಸಿದ ಪತ್ರ. ಅದನ್ನು ಹಿಡಿದು ಓದಿದ್ದರೆ ಸಾಕಿತ್ತು, ಅದರಲ್ಲೇ ಬರೆದಿತ್ತು.

ದೂರು ಕೊಟ್ಟಿದ್ದೇವೆ. ಕೊನೆಯ ದಿನ ಹಣ ಹಾಕಿದ ಇಬ್ಬರು ಪೋಷಕರು ಅಂದೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದರಿಂದ ಅವರ ಹಣ ಮಾತ್ರ ಬ್ಯಾಂಕಿನಲ್ಲಿ ತಡೆಹಿಡಿಯಲ್ಪಟ್ಟಿದೆ. ಉಳಿದ ಏಳು ಮನೆಗಳ ಹಣದ ಸುಳಿವಿಲ್ಲ. ಇಂಥದ್ದಾದರೆ ‘ನಾಳೆ ಬರಬಹುದು’ ಎಂದು ಕಾಯಬೇಡಿ, ಅದೇ ಗಂಟೆಯಲ್ಲಿ 1930ಕ್ಕೆ ಕರೆ ಮಾಡಿ. ಸಮಿತಿಯವರು ಸೇರಿ ಆ ತಾಯಿಯ ಓಲೆ ಬಿಡಿಸಿಕೊಟ್ಟೆವು, ಸರ ಇನ್ನೂ ಅಡವಿನಲ್ಲಿದೆ. ಮೇಷ್ಟ್ರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಮಾರನೆಯ ದಿನವೇ ಮೈದಾನಕ್ಕೆ ಬಂದರು. ಒಂಬತ್ತರಲ್ಲಿ ನಾಲ್ವರು ಹುಡುಗರು ಇನ್ನೂ ಬಂದಿಲ್ಲ.

ನೀಲಿ ಕಡತದ ಪತ್ರಗಳಿಗೆ ಸಹಿ ಹಾಕಿದವರಿಗೆ ಕೊನೆಗೂ ಫೋನ್ ಮಾಡಿದೆ. ಎರಡನೆಯವರು, ಬೇರೆ ಜಿಲ್ಲೆಯ ಕ್ಲಬ್‌ನವರು, ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಗೊತ್ತಾಗುವ ಮೊದಲೇ ಬರೆದುಕೊಟ್ಟಿದ್ದೆ ಸರ್” ಎಂದರು. ಅದನ್ನು ಕೇಳಿದಾಗ ನನ್ನ ಕೈಕಾಲು ತಣ್ಣಗಾಯಿತು. ಪೋರ್ಚುಗಲ್ ಮಾತು ಬಂದ ಮೇಲೆ, ವೀಸಾ ಕೆಲಸಕ್ಕೆ ಬೇಕೆಂದು ಅವನು ಕೇಳಿದಾಗ, ನಮ್ಮ ಕ್ಲಬ್‌ನ ಮುದ್ರಿತ ಹಾಳೆಯಲ್ಲಿ ನಾನೂ ಅಂಥದ್ದೇ ಪತ್ರ ಬರೆದುಕೊಟ್ಟಿದ್ದೇನೆ.

ಹೋದ ವಾರದ ಕರೆ ಅದಕ್ಕೇ. ಬೇರೊಂದು ಊರಿನ ಕ್ಲಬ್‌ನ ಖಜಾಂಚಿ, ನನ್ನ ಪತ್ರ ಎದುರಿಗಿಟ್ಟುಕೊಂಡು, ಮನುಷ್ಯ ಹೇಗೆ ಎಂದು ಕೇಳಿದರು. ಎಲ್ಲವನ್ನೂ ಹೇಳಿದೆ. ಅವರ ಸಭೆ ಮಾರನೆಯ ದಿನವಿತ್ತು. ಆದರೆ ಎಲ್ಲರೂ ಹಾಗೆ ಕರೆ ಮಾಡುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ: ತುಮಕೂರಿನ ಕ್ಲಬ್ ಒಂದರ ಕಾರ್ಯದರ್ಶಿ ಸಹಿ ಹಾಕಿದ, ‘ನಮ್ಮ ಹುಡುಗರ ಭವಿಷ್ಯ ಇವರ ಕೈಯಲ್ಲಿ ಸುರಕ್ಷಿತವಾಗಿದೆ’ ಎಂದು ಮುಗಿಯುವ ಪ್ರಶಂಸಾಪತ್ರವನ್ನು ಯಾರಾದರೂ ನಿಮ್ಮ ಮುಂದೆ ಇಟ್ಟರೆ, ಅದು ನನ್ನದು. ಅದನ್ನು ನಾನು ಹಿಂಪಡೆದಿದ್ದೇನೆ.