ಲೇಬಲ್ ಇಲ್ಲದ ‘ಕರುಳಿನ ಪುಡಿ’ ಕೊಳ್ಳಬೇಡಿ, ಕಾಕ್ಸಿ ಔಷಧಿ ಅಂತೂ ನಿಲ್ಲಿಸಲೇಬೇಡಿ

ಬ್ರಾಯ್ಲರ್ ಸಾಕುವವರು, ಅದರಲ್ಲೂ ಕಂಪನಿ ಕೊಡುವ ಮರಿ ಸಾಕುವುದು ಬಿಟ್ಟು ಸ್ವಂತ ಬ್ಯಾಚ್ ಹಾಕಿ ಫೀಡ್ ತಾವೇ ಮಿಕ್ಸ್ ಮಾಡಿಸುವವರು ಇದನ್ನು ಓದಿ. ಪ್ರಿಬಯಾಟಿಕ್ (ಕರುಳಿನ ಆರೋಗ್ಯಕ್ಕೆ ಅಂತ ಫೀಡಿಗೆ ಸೇರಿಸುವ ವಸ್ತು) ಹೆಸರಲ್ಲಿ ಬಿಳಿ ಚೀಲದ ಪುಡಿ ಮಾರಿಕೊಂಡು ಶೆಡ್‌ನಿಂದ ಶೆಡ್‌ಗೆ ತಿರುಗುವವರಿದ್ದಾರೆ. ಪುಡಿಗೆ ಕೊಟ್ಟ ದುಡ್ಡು ಹೋದರೆ ಹೋಗಲಿ ಅನ್ನಬಹುದು. ಕಾಕ್ಸಿ, ಅಂದರೆ ಕೋಳಿಯ ರಕ್ತಭೇದಿ ರೋಗದ ಔಷಧಿ ನಿಲ್ಲಿಸಿ ಅಂತ ಅದರ ಜೊತೆ ಬಿಟ್ಟಿಯಾಗಿ ಕೊಡುವ ಸಲಹೆ ಇದೆಯಲ್ಲ, ಅದು ಬ್ಯಾಚನ್ನೇ ಮುಳುಗಿಸುತ್ತದೆ.

ನಮ್ಮಲ್ಲಿಗೆ ಬಂದವನು ಚೆನ್ನಾಗಿ ಮಾತಾಡಿದ. "ಸಾರ್, ಇದು ಎಂಓಎಸ್. ಯೀಸ್ಟಿಂದ ತೆಗೆದಿದ್ದು. ಕರುಳು ಕ್ಲೀನ್ ಆಗುತ್ತೆ, ತೂಕ ಬರುತ್ತೆ. ಇದನ್ನ ಹಾಕಿದ ಮೇಲೆ ಕಾಕ್ಸಿ ಔಷಧಿ ಯಾಕೆ? ನಿಲ್ಲಿಸಿಬಿಡಿ, ಖರ್ಚೂ ಉಳಿಯುತ್ತೆ." ಟನ್ ಫೀಡಿಗೆ ಐದು ಕೆಜಿ ಹಾಕಿ ಅಂದ. ಫೀಡ್ ನೋಡಿಕೊಳ್ಳುವ ನನ್ನ ತಮ್ಮ ಹಾಗೇ ಹಾಕಿಸಿದ, ಕಾಕ್ಸಿ ಔಷಧಿಯನ್ನೂ ನಿಲ್ಲಿಸಿದ.

ಪುಡಿ ಮಾರಿದವನು ಹೇಳಿದ್ದರಲ್ಲಿ ಅರ್ಧ ನಿಜ, ತೊಂದರೆ ಇರುವುದೂ ಅಲ್ಲೇ. ಎಂಓಎಸ್ ಅನ್ನೋ ಪ್ರಿಬಯಾಟಿಕ್ ಯೀಸ್ಟ್ ಜೀವಕೋಶದ ಹೊರಗೋಡೆಯಿಂದ ಬರುವುದು ಹೌದು. ಇ. ಕೋಲೈ, ಸಾಲ್ಮೊನೆಲ್ಲಾ ಥರದ ಬ್ಯಾಕ್ಟೀರಿಯಾ ಕರುಳಿನ ಗೋಡೆಯಲ್ಲಿರುವ ಮ್ಯಾನೋಸ್ ಅನ್ನೋ ಸಕ್ಕರೆ ಹಿಡಿದು ಅಂಟಿಕೊಳ್ಳುತ್ತವೆ. ಎಂಓಎಸ್‌ನಲ್ಲೂ ಅದೇ ಸಕ್ಕರೆ ಇರುವುದರಿಂದ ಅವು ಇದನ್ನೇ ಹಿಡಿದುಕೊಂಡು ಹಿಕ್ಕೆಯಲ್ಲಿ ಆಚೆ ಹೋಗುತ್ತವೆ. ಇನುಲಿನ್, ಎಫ್‌ಓಎಸ್ ಅನ್ನೋ ಬೇರೆ ಪ್ರಿಬಯಾಟಿಕ್ ಆದರೆ ಲ್ಯಾಕ್ಟೋಬ್ಯಾಸಿಲಸ್‌ನಂಥ ಒಳ್ಳೆ ಬ್ಯಾಕ್ಟೀರಿಯಾಕ್ಕೆ ಊಟ. ಯುರೋಪಿನಲ್ಲಿ 2006ರ ಜನವರಿಯಿಂದ ತೂಕ ಬರಿಸಲು ಆಂಟಿಬಯಾಟಿಕ್ ಹಾಕುವುದನ್ನು ಪೂರ್ತಿ ನಿಲ್ಲಿಸಿದ್ದಾರೆ, ನಮ್ಮಲ್ಲೂ 2019ರಲ್ಲಿ ಕೊಲಿಸ್ಟಿನ್ ಅನ್ನೋ ಆಂಟಿಬಯಾಟಿಕ್ ಕೋಳಿ ಸಾಕಣೆಯಲ್ಲಿ ಬ್ಯಾನ್ ಆಯಿತು. ಹಾಗಾಗಿ ಇಂಥ ವಸ್ತುಗಳಿಗೆ ಬೇಡಿಕೆ ಬಂದಿದೆ. ಒಳ್ಳೆ ಮಾಲು ಸಿಕ್ಕರೆ ಬೇಡ ಅನ್ನಲ್ಲ.

ಆದರೆ ಕಾಕ್ಸಿ ಬ್ಯಾಕ್ಟೀರಿಯಾ ಅಲ್ಲ ಕಣ್ರೀ. ಅದು ಐಮೀರಿಯಾ ಅನ್ನೋ ಪರಾವಲಂಬಿ, ಕರುಳಿನ ಜೀವಕೋಶದ ಒಳಗೇ ಹೊಕ್ಕು ಬೆಳೆಯುತ್ತದೆ. ಫೀಡಿನಲ್ಲಿ ಹಾಕುವ ಸ್ಯಾಲಿನೋಮೈಸಿನ್, ಮದುರಾಮೈಸಿನ್ ಥರದ ಕಾಕ್ಸಿ ಔಷಧಿ ಮಾಡುವ ಕೆಲಸವನ್ನು ಯೀಸ್ಟ್ ಪುಡಿ ಮಾಡಲ್ಲ.

ಮೊದಲು ಹಿಕ್ಕೆ ತೆಳುವಾಯಿತು. ಪ್ರಿಬಯಾಟಿಕ್ ಸಾಮಾನ್ಯವಾಗಿ ಟನ್ನಿಗೆ ಅರ್ಧದಿಂದ ಎರಡು ಕೆಜಿ ಒಳಗೇ ಇರುತ್ತದೆ, ಅತಿಯಾದರೆ ಕರುಳಲ್ಲಿ ಹುಳಿತು ಭೇದಿಯಾಗುತ್ತದೆ. ಆ ಚೀಲದಲ್ಲಿ ಯೀಸ್ಟಿಗಿಂತ ಬೇರೆ ಏನೇನಿತ್ತೋ ಅದು ಬೇರೆ. ಶೆಡ್ ನೆಲದ ಹಾಸು (ಲಿಟರ್) ಒದ್ದೆಯಾಯಿತು, ಭತ್ತದ ಹೊಟ್ಟು ಮುದ್ದೆ ಕಟ್ಟಿತು, ಅಮೋನಿಯಾ ಕಣ್ಣಿಗೆ ಹೊಡೆಯುತ್ತಿತ್ತು. ಕಾಕ್ಸಿ ಮೊಟ್ಟೆಗಳಿಗೆ ಇನ್ನೇನು ಬೇಕು? ಬೆಚ್ಚಗೆ, ಒದ್ದೆಯಾಗಿದ್ದರೆ ಒಂದೆರಡು ದಿನದಲ್ಲೇ ರೋಗ ಹರಡಲು ತಯಾರು. ನಾಲ್ಕನೇ ವಾರಕ್ಕೆ ಮರಿಗಳು ರೆಕ್ಕೆ ಜೋತು ಬಿಟ್ಟು ಮೂಲೆಯಲ್ಲಿ ಗುಂಪುಗೂಡಿದವು, ಹೊಟ್ಟಿನ ಮೇಲೆ ಅಲ್ಲಲ್ಲಿ ರಕ್ತ. ತಾಲೂಕು ಪಶು ಆಸ್ಪತ್ರೆ ಡಾಕ್ಟರು ಸತ್ತ ಕೋಳಿ ಒಂದನ್ನು ಕೊಯ್ದು ತೋರಿಸಿದರು. ಕರುಳಿನ ಕೊನೆಯ ಕಡೆ ಎರಡು ಚೀಲ ಇರುತ್ತವಲ್ಲ, ಸೀಕಾ ಅಂತಾರೆ, ಎರಡೂ ಊದಿ ಕಪ್ಪಾಗಿದ್ದವು. ಕತ್ತರಿ ತಾಗಿಸಿದ್ದೇ ತಡ, ಹೆಪ್ಪುಗಟ್ಟಿದ ರಕ್ತ ಹೊರಗೆ ಬಂತು. "ಔಷಧಿ ಯಾಕಪ್ಪಾ ನಿಲ್ಲಿಸಿದ್ರಿ?" ಅಂದರು.

ನೀರಿನಲ್ಲಿ ಟೋಲ್ಟ್ರಾಜುರಿಲ್ ಅನ್ನೋ ಕಾಕ್ಸಿ ಔಷಧಿ ಕೊಟ್ಟ ಮೇಲೆ ಸಾವು ನಿಂತಿತು. ಆದರೆ ಕರುಳು ಕೆಟ್ಟ ಕೋಳಿ ತಿನ್ನುತ್ತದೆ, ತೂಕ ಬರಲ್ಲ. ಎಫ್‌ಸಿಆರ್ (ಒಂದು ಕೆಜಿ ತೂಕ ಬರಲು ಬೇಕಾದ ಫೀಡ್) 1.6ರ ಆಸುಪಾಸು ಇರಬೇಕಾದ್ದು 2 ದಾಟಿತು. ವ್ಯಾಪಾರಿ ಕೋಳಿ ನೋಡಿ ರೇಟೂ ಇಳಿಸಿದ. ಎರಡೂ ಕಡೆ ಹೊಡೆತ.

ಉಳಿದ ಪುಡಿಗೆ ನಿಂಬೆಹಣ್ಣು ಹಿಂಡಿದೆವು. ಬುಸ್ ಅಂತ ನೊರೆ ಎದ್ದಿತು, ಅಂದರೆ ಸುಣ್ಣಕಲ್ಲಿನ ಪುಡಿ. ಒಂದು ಮಾತು, ಒಳ್ಳೆ ಕಂಪನಿಯವರೂ ಕ್ಯಾರಿಯರ್ ಆಗಿ, ಅಂದರೆ ಮುಖ್ಯ ವಸ್ತು ಬೆರೆಸಲು, ಸ್ವಲ್ಪ ಸುಣ್ಣಕಲ್ಲಿನ ಪುಡಿ ಸೇರಿಸುತ್ತಾರೆ, ಹಾಗಾಗಿ ನೊರೆ ಬಂದ ಮಾತ್ರಕ್ಕೆ ಮೋಸ ಅಂತಲ್ಲ. ಆದರೆ ಯೀಸ್ಟ್ ಗೋಡೆಯ ಪುಡಿ ತಿಳಿ ಕಂದು ಬಣ್ಣ ಇರುತ್ತದೆ, ಬ್ರೆಡ್ ಬೇಕರಿಯ ವಾಸನೆ ಬರುತ್ತದೆ. ಇದಕ್ಕೆ ವಾಸನೆಯೇ ಇರಲಿಲ್ಲ.

ಪ್ರಿಬಯಾಟಿಕ್ ಹಾಕಲೇಬೇಕು ಅನ್ನಿಸಿದರೆ ಚೀಲದ ಮೇಲೆ ಯಾವ ವಸ್ತು, ಎಷ್ಟು ಪ್ರಮಾಣ, ಬ್ಯಾಚ್ ನಂಬರ್, ತಯಾರಾದ ದಿನ, ವಿಳಾಸ ಇದೆಯಾ ನೋಡಿ. ಅರ್ಧ ಶೆಡ್‌ಗೆ ಮಾತ್ರ ಹಾಕಿ, ನಡುವೆ ಜಾಲರಿ ಕಟ್ಟಿ, ವಾರಕ್ಕೊಮ್ಮೆ ಎರಡೂ ಕಡೆ ತೂಕ ಹಾಕಿ. ಕೋಳಿ ನೀರು ಕುಡಿಯುವ ನಿಪ್ಪಲ್ ಸೋರುತ್ತಿದ್ದರೆ ಮೊದಲು ಅದನ್ನು ಸರಿ ಮಾಡಿ, ಇಲ್ಲದಿದ್ದರೆ ಯಾವ ಪುಡಿ ಹಾಕಿದರೂ ಸುಮ್ನೆ. ಕೋಳಿ ಸತ್ತರೆ ಊದಿಕೊಳ್ಳುವವರೆಗೆ ಕಾಯಬೇಡಿ. ಐಸ್ ಇಟ್ಟು ಹತ್ತಿರದ ಪಶು ಆಸ್ಪತ್ರೆಗೋ, ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಗೋ ಅದೇ ದಿನ ಒಯ್ಯಿರಿ.

ಮಾರಿದವನ ಫೋನ್ ಈಗ ಸ್ವಿಚ್ ಆಫ್. ಬಿಲ್ ಕೊಟ್ಟಿಲ್ಲ, ಚೀಲದ ಮೇಲೆ ವಿಳಾಸವೂ ಇಲ್ಲ, ಯಾರ ಮೇಲೆ ದೂರು ಕೊಡೋದು? ನಿಮ್ಮ ಕಡೆ ಬಂದರೆ ಮೊದಲು ಬಿಲ್ ಕೇಳಿ ನೋಡಿ. ಕೊಟ್ಟ ಕಾಫಿಯನ್ನೂ ಕುಡಿಯದೆ ಬೈಕ್ ಹತ್ತುತ್ತಾನೆ.