ಲೀ 204, 205, 206: ಮುಖಕ್ಕೆ ಬೆಚ್ಚನೆ, ಆಕಾಶಕ್ಕೆ ನೀಲಿ

ಫೋಟೊ ತೆಗೆದ ಮೇಲೆ ಆ್ಯಪ್‌ನಲ್ಲಿ ಟೆಂಪರೇಚರ್ ಸ್ಲೈಡರ್ ಎಳೆದರೆ ಇಡೀ ಚಿತ್ರ ಒಟ್ಟಿಗೇ ಬೆಚ್ಚಗಾಗುತ್ತದೆ, ಇಲ್ಲವೇ ಒಟ್ಟಿಗೇ ತಣ್ಣಗಾಗುತ್ತದೆ. ಮುಖ ಬೆಚ್ಚಗಿದ್ದು ಹಿಂದಿನ ಆಕಾಶ ತಣ್ಣಗಿರಬೇಕೆಂದರೆ ಎರಡು ಬೆಳಕುಗಳ ನಡುವೆಯೇ ಬಣ್ಣದ ಅಂತರವಿರಬೇಕು. ಆ್ಯಪ್‌ನಲ್ಲಿ ಮುಖದ ಭಾಗಕ್ಕಷ್ಟೇ ಮಾಸ್ಕ್ ಹಾಕಿ ಬೇರ್ಪಡಿಸಬಹುದು ನಿಜ, ಆದರೆ ಕೆದರಿದ ಕೂದಲಿನ ಅಂಚಿನಲ್ಲಿ ಆ ಕೈಚಳಕ ಬಯಲಾಗುತ್ತದೆ. ಈ ಅಂತರವನ್ನು ಅಗ್ಗವಾಗಿ ಕೊಡುವುದು ಜೆಲ್ ಹಾಳೆ, ಅಂದರೆ ಫ್ಲ್ಯಾಶಿನ ಮುಂದೆ ಕಟ್ಟುವ ಬಣ್ಣದ ಪಾರದರ್ಶಕ ಹಾಳೆ. ಇಂಗ್ಲೆಂಡಿನ ಲೀ ಫಿಲ್ಟರ್ಸ್‌ನ ಕಿತ್ತಳೆ ಜೆಲ್‌ಗಳಲ್ಲಿ ಫ್ಲ್ಯಾಶಿಗೆ ಹೆಚ್ಚು ಒದಗುವವು ಮೂರು: 204 (ಫುಲ್), 205 (ಹಾಫ್), 206 (ಕ್ವಾರ್ಟರ್).

ಮೊದಲ ಎಡವಟ್ಟು ಆಗುವುದು ಲೇಬಲ್ಲಿನಲ್ಲೇ. 204 ಬೆಳಕನ್ನು 3200 ಕೆಲ್ವಿನ್‌ಗೆ (ಇದು ಬೆಳಕಿನ ಬಣ್ಣದ ಅಳತೆ, ಇಳಿದಷ್ಟೂ ಕಿತ್ತಳೆ) ಇಳಿಸುತ್ತದೆ ಎಂದಿರುತ್ತದೆ. ಅದು 6500ರಿಂದ ಹಿಡಿದ ಲೆಕ್ಕ. ಫ್ಲ್ಯಾಶ್ ಬೆಳಕು ಸುಮಾರು 5600. ಆದ್ದರಿಂದ ನೋಡಬೇಕಾದದ್ದು ಮೈರೆಡ್ ಸಂಖ್ಯೆ, ಅಂದರೆ ಹತ್ತು ಲಕ್ಷವನ್ನು ಕೆಲ್ವಿನ್‌ನಿಂದ ಭಾಗಿಸಿದ ಅಳತೆಗೆ ಜೆಲ್ ಕೂಡಿಸುವ ಮೊತ್ತ: 204ಕ್ಕೆ +159, 205ಕ್ಕೆ +109, 206ಕ್ಕೆ +64. ಹತ್ತು ಲಕ್ಷವನ್ನು 5600ರಿಂದ ಭಾಗಿಸಿದರೆ 179. ಅದಕ್ಕೆ 159 ಕೂಡಿಸಿದರೆ 338. ಮತ್ತೆ ಹತ್ತು ಲಕ್ಷವನ್ನು 338ರಿಂದ ಭಾಗಿಸಿದರೆ ಸುಮಾರು 2960 ಕೆಲ್ವಿನ್. ಅಂದರೆ ಲೇಬಲ್ ಹೇಳಿದ್ದಕ್ಕಿಂತ ಹೆಚ್ಚು ಕಿತ್ತಳೆ. ಇದೇ ಲೆಕ್ಕದಲ್ಲಿ 205 ಸುಮಾರು 3470ಕ್ಕೆ, 206 ಸುಮಾರು 4115ಕ್ಕೆ ಬಂದು ನಿಲ್ಲುತ್ತವೆ.

ಇವುಗಳ ನಿಜವಾದ ಬೆಲೆ ಗೊತ್ತಾಗುವುದು ಮುಸ್ಸಂಜೆಯಲ್ಲಿ. ಸೂರ್ಯ ಮುಳುಗಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು (ಯಾವ ಬೆಳಕನ್ನು ಬಿಳಿ ಎಂದು ಎಣಿಸಬೇಕೆಂಬ ಸೆಟ್ಟಿಂಗ್) ಕೈಯಾರೆ 3200ಕ್ಕೆ ಇಡಿ. ಫ್ಲ್ಯಾಶ್ ಆಫ್ ಮಾಡಿಯೇ ಆಕಾಶಕ್ಕೆ ಎಕ್ಸ್‌ಪೋಶರ್ ಹೊಂದಿಸಿ, ಒಂದು ಸ್ಟಾಪ್ (ಅಂದರೆ ಬೆಳಕನ್ನು ಅರ್ಧಕ್ಕೆ) ಕಡಿಮೆ ಮಾಡಿ. ಶಟರ್ ವೇಗ 1/200 ಸೆಕೆಂಡ್ ದಾಟದಿರಲಿ. ಬೂದು ಬಣ್ಣದ ಆಕಾಶವೂ ಆಗ ಗಾಢ ನೀಲಿಗೆ ತಿರುಗುತ್ತದೆ. ಈಗ 204 ಕಟ್ಟಿದ ಫ್ಲ್ಯಾಶನ್ನು ಮುಖದ ಮೇಲೆ ಹಾಯಿಸಿ. ಈ ಜೆಲ್ ಸುಮಾರು 55% ಬೆಳಕನ್ನಷ್ಟೇ ಬಿಡುತ್ತದೆ, ಹಾಗಾಗಿ ಮ್ಯಾನ್ಯುಯಲ್‌ನಲ್ಲಿ ಫ್ಲ್ಯಾಶ್ ಪವರ್ 1/16 ಸಾಕಾಗುತ್ತಿದ್ದಲ್ಲಿ 1/8 ಬೇಕು. ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಕ್ಯಾಮೆರಾ ಫ್ರೇಮಿನಿಂದ ಫ್ರೇಮಿಗೆ ತನಗೆ ತೋಚಿದಂತೆ ಬಣ್ಣ ತಿದ್ದುತ್ತದೆ, ಆಲ್ಬಮ್ಮಿನ ಒಂದು ಪುಟ ಇನ್ನೊಂದಕ್ಕೆ ಹೊಂದುವುದಿಲ್ಲ.

ಆದರೂ ಕೊಳ್ಳುವುದು ಒಂದೇ ಹಾಳೆಯಾದರೆ 205 ಇರಲಿ. ನಮ್ಮ ಗೋಧಿ ಬಣ್ಣದ, ಎಣ್ಣೆಗೆಂಪು ಬಣ್ಣದ ಮುಖಗಳಲ್ಲಿ ಕೆಂಪಿನಂಶ ಮೊದಲೇ ಹೆಚ್ಚು. ವೈಟ್ ಬ್ಯಾಲೆನ್ಸನ್ನು 5600ರಲ್ಲೇ ಬಿಟ್ಟು 204 ಹಾಕಿದರೆ ಹಣೆ, ಕೆನ್ನೆಯ ಹೊಳಪಿನಲ್ಲಿ ಕೆಂಪು ಚಾನೆಲ್ ಒಡೆದುಹೋಗುತ್ತದೆ, ಅಂದರೆ ಕೆಂಪು ಮಿತಿ ಮೀರಿ ಅಲ್ಲಿನ ವಿವರ ಅಳಿಸಿಹೋಗುತ್ತದೆ. ಅರಿಶಿನ ಶಾಸ್ತ್ರದ ಫೋಟೊದಲ್ಲಿ ಇದು ಎದ್ದು ಕಾಣುತ್ತದೆ: ಕೆನ್ನೆಗೆ ಹಚ್ಚಿದ ಅರಿಶಿನ ಯಾವುದು, ಕೆನ್ನೆ ಯಾವುದು ತಿಳಿಯದೆ ಎರಡೂ ಒಂದೇ ಇಟ್ಟಿಗೆ ಬಣ್ಣ. ಬರೀ ಹೊಳಪಿನ ಹಿಸ್ಟೊಗ್ರಾಮ್‌ನಲ್ಲಿ (ಚಿತ್ರದ ಹೊಳಪಿನ ಹಂಚಿಕೆ ತೋರಿಸುವ ನಕ್ಷೆ) ಇದು ಸಿಕ್ಕಿಬೀಳುವುದಿಲ್ಲ, ಕೆಂಪು, ಹಸಿರು, ನೀಲಿಯನ್ನು ಬೇರೆಬೇರೆ ತೋರಿಸುವ ಆರ್‌ಜಿಬಿ ಹಿಸ್ಟೊಗ್ರಾಮ್ ತೆರೆದು ನೋಡಬೇಕು. 205ರ ಜೊತೆ ಕ್ಯಾಮೆರಾ 3800ರಲ್ಲಿದ್ದರೆ ಮುಖ ದೀಪದ ಬೆಳಕಿನಷ್ಟೇ ಬೆಚ್ಚಗೆ, ಆಕಾಶ ಹದವಾದ ನೀಲಿ. 206 ಬೆಳಗಿನ ಎಳೆಬಿಸಿಲಿಗೆ ಫ್ಲ್ಯಾಶ್ ಹೊಂದಿಸಲು ಚೆನ್ನ, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಬಯಸಬೇಡಿ.

ಇದಕ್ಕೆ ಉಲ್ಟಾ ಕೆಲಸ ಮಾಡುವ ನೀಲಿ 201 ಸುಮಾರು ಮೂರರಲ್ಲೊಂದು ಪಾಲು ಬೆಳಕನ್ನಷ್ಟೇ ಬಿಡುತ್ತದೆ, ಫ್ಲ್ಯಾಶ್ ಬ್ಯಾಟರಿ ಬೇಗ ಸುಸ್ತಾಗುತ್ತದೆ. ಮುಖಕ್ಕೆ ಎದುರಿನಿಂದ ಹಾಕಿದರೆ ಕಂದು ಮೈಬಣ್ಣ ಬೂದಿ ಬಳಿದಂತಾಗುತ್ತದೆ; ಹಿಂದಿನಿಂದ ಕೂದಲಂಚಿಗೆ ಮಾತ್ರ ಕೊಡಿ.

ಇನ್ನು ಕಟ್ಟುವ ವಿಚಾರ. ಜೆಲ್ಲಿನ ಅಂಚಿನಿಂದ ಬಿಳಿ ಬೆಳಕು ಒಂದು ಗೆರೆಯಷ್ಟು ಸೋರಿದರೂ ಬಣ್ಣ ತೆಳುವಾಗುತ್ತದೆ. ಹಾಗಂತ ಫ್ಲ್ಯಾಶ್ ಮುಖಕ್ಕೆ ಬಿಗಿಯಾಗಿ ಅಂಟಿಸಿ ಫುಲ್ ಪವರ್‌ನಲ್ಲಿ ಹತ್ತಾರು ಸಲ ಹೊಡೆದರೆ ಹಾಳೆ ಸುರುಟಿಕೊಂಡು ಗಾಜಿಗೇ ಮೆತ್ತಿಕೊಳ್ಳಬಹುದು. ಎರಡು ಬದಿಗೆ ವೆಲ್ಕ್ರೊ ಹಾಕಿ, ಮಧ್ಯೆ ಸ್ವಲ್ಪ ಉಬ್ಬಿಸಿ ಗಾಳಿಗೆ ಜಾಗ ಬಿಡಿ.

ಬಿಡಿ ಹಾಳೆಯ ಅಳತೆ 53×122 ಸೆಂ.ಮೀ. 6×9 ಸೆಂ.ಮೀ. ತುಂಡು ಮಾಡಿದರೆ ನೂರಕ್ಕೂ ಹೆಚ್ಚು ಬರುತ್ತವೆ, ನಾಲ್ಕೈದು ಜನ ಹಂಚಿಕೊಂಡರೂ ವರ್ಷಗಟ್ಟಲೆ ಸಾಕು. ಕತ್ತರಿಸಿದ ಕೂಡಲೇ ಮೂಲೆಯಲ್ಲಿ ಮಾರ್ಕರ್‌ನಿಂದ ನಂಬರ್ ಬರೆದಿಡಿ. ಸಂಜೆಗತ್ತಲಲ್ಲಿ 205, 206 ಕೈಯಲ್ಲಿ ಹಿಡಿದರೆ ಅವಳಿಗಳೇ.