ಹಳೆ ಹೋಂಡಾ ಸಿಟಿ: ರೇಟು ಮಾತಾಡುವ ಮೊದಲು ಏರ್‌ಬ್ಯಾಗ್ ವಿಚಾರ ಕೇಳಿ

ನನ್ನದು 2012ರ ಹೋಂಡಾ ಸಿಟಿ, ಪೆಟ್ರೋಲ್, ಮ್ಯಾನುವಲ್. ನಾನು ಮೂರನೇ ಓನರ್. ಮನೆ ಕುಂದಾಪುರ, ಕೆಲಸ ಉಡುಪಿಯಲ್ಲಿ. ಹಾಗಾಗಿ ಗಾಡಿ ಹೆಚ್ಚಾಗಿ ಓಡುವುದು ಹೈವೇ 66ರಲ್ಲಿ. 2008ರ ಕೊನೆಯಿಂದ 2013ರವರೆಗೆ ಬಂದ ಈ ಮಾಡೆಲ್ ಸೆಕೆಂಡ್ ಹ್ಯಾಂಡ್‌ನಲ್ಲಿ ಈಗಲೂ ಸಿಗುತ್ತದೆ. ತಗೊಳ್ಳಬೇಕು ಅಂತ ನೋಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇಂಜಿನ್. 1497 ಸಿಸಿ, 118 ಪಿಎಸ್. ಇಷ್ಟು ಹಳೆಯ ಗಾಡಿಯಲ್ಲಿ ಇಷ್ಟು ನಯವಾದ ಇಂಜಿನ್ ನಾನಂತೂ ಓಡಿಸಿಲ್ಲ. ಲಾರಿ ಓವರ್‌ಟೇಕ್ ಮಾಡುವಾಗ ಗೇರ್ ಒಂದು ಇಳಿಸಿದರೆ ಸಾಕು, ಎಳೆದುಕೊಂಡು ಹೋಗುತ್ತದೆ. ಒಳಗಿರುವುದು ಟೈಮಿಂಗ್ ಚೈನ್. ಹಾಗಾಗಿ ಇಷ್ಟು ಕಿಲೋಮೀಟರ್ ಆದಮೇಲೆ ಬೆಲ್ಟ್ ಬದಲಿಸಬೇಕು ಅನ್ನುವ ದೊಡ್ಡ ಖರ್ಚು ಇಲ್ಲ. ಡಿಕ್ಕಿ 506 ಲೀಟರ್. ಊರಿನ ಮದುವೆಗೆ ಹೊರಟರೆ ಇಡೀ ಮನೆಯವರ ಬ್ಯಾಗು ಹಿಡಿಯುತ್ತದೆ.

ಈ ಮಾಡೆಲ್ ಇಟ್ಟುಕೊಂಡವರು ಸಾಮಾನ್ಯವಾಗಿ ಹೇಳುವ ದೂರುಗಳೂ ನಿಜವೇ. ಗ್ರೌಂಡ್ ಕ್ಲಿಯರೆನ್ಸ್ ಕಡಿಮೆ. ನಾಲ್ಕು ಜನ ಕೂತು ಹಳ್ಳಿಯ ಹಂಪ್ ದಾಟಬೇಕಾದರೆ ಗಾಡಿಯನ್ನು ಓರೆ ಮಾಡಿ ಹತ್ತಿಸಬೇಕು. ಟೈರಿನ ಸದ್ದು ಒಳಗೆ ಜಾಸ್ತಿ ಕೇಳುತ್ತದೆ. ಈ ವಯಸ್ಸಿಗೆ ಸಸ್ಪೆನ್ಷನ್ ಬುಷ್‌ಗಳೂ ಬದಲಿಸಲು ಬಂದಿರುತ್ತವೆ. ಅದಕ್ಕೆ ಸ್ವಲ್ಪ ದುಡ್ಡು ತೆಗೆದಿಡಿ. ಇದೆಲ್ಲ ಸಹಿಸಬಹುದಾದ ವಿಷಯ. ಸಹಿಸಬಾರದ್ದು ಬೇರೆಯೇ ಇದೆ.

ಅದು ತಕಾಟಾ ಏರ್‌ಬ್ಯಾಗ್. ಜಪಾನಿನ ಈ ಕಂಪನಿ ಜಗತ್ತಿನ ಎಷ್ಟೋ ಕಾರು ಕಂಪನಿಗಳಿಗೆ ಏರ್‌ಬ್ಯಾಗ್ ಕೊಡುತ್ತಿತ್ತು. ಅಪಘಾತವಾದಾಗ ಚೀಲ ಉಬ್ಬಬೇಕಲ್ಲ, ಅದಕ್ಕೆ ಗ್ಯಾಸ್ ಕೊಡುವ ಲೋಹದ ಡಬ್ಬಿಗೆ ಇನ್‌ಫ್ಲೇಟರ್ ಅನ್ನುತ್ತಾರೆ. ತಕಾಟಾ ಅದರೊಳಗೆ ಅಮೋನಿಯಂ ನೈಟ್ರೇಟ್ ಬಳಸಿತ್ತು. ತೊಂದರೆ ಕೊಟ್ಟ ಇನ್‌ಫ್ಲೇಟರ್‌ಗಳಲ್ಲಿ ಹೆಚ್ಚಿನವುಗಳಲ್ಲಿ ತೇವ ಹೀರಿಕೊಳ್ಳುವ ವಸ್ತು ಇರಲಿಲ್ಲ. ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಉಪ್ಪಿನ ಹಾಗೆ ಅಮೋನಿಯಂ ನೈಟ್ರೇಟ್ ಕೂಡ ಗಾಳಿಯ ತೇವ ಎಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಸೆಖೆ, ತೇವ, ಹಗಲು ರಾತ್ರಿಯ ಬಿಸಿ ತಂಪು ತಿಂದು ಅದರ ಗುಳಿಗೆಗಳು ಹಾಳಾಗುತ್ತವೆ. ಆಮೇಲೆ ಹೊತ್ತಿಕೊಂಡರೆ ಬೇಕಾದ್ದಕ್ಕಿಂತ ಬೇಗ ಉರಿದು ಒತ್ತಡ ಏರುತ್ತದೆ, ಡಬ್ಬಿಯೇ ಸಿಡಿಯುತ್ತದೆ. ಲೋಹದ ಚೂರುಗಳು ಚೀಲ ಹರಿದು ಕೂತವರ ಮುಖಕ್ಕೆ, ಕುತ್ತಿಗೆಗೆ ಬರುತ್ತವೆ.

ಸೆಖೆ ಮತ್ತು ತೇವ. ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ಹವೆಯೇ ಅದು. ಅಮೆರಿಕದಲ್ಲೂ ಫ್ಲೋರಿಡಾದಂಥ ಸೆಖೆಯ ಕರಾವಳಿಯ ಗಾಡಿಗಳನ್ನೇ ಮೊದಲು ರಿಪೇರಿಗೆ ಕರೆದರು. 2014ರಲ್ಲಿ ಮಲೇಷ್ಯಾದಲ್ಲಿ ಗರ್ಭಿಣಿಯೊಬ್ಬರು ಇದೇ ಕಾರಣಕ್ಕೆ ತೀರಿಕೊಂಡರು. ಅವರ ಕಾರು 2003ರ ಹೋಂಡಾ ಸಿಟಿ. ನನ್ನದಕ್ಕಿಂತ ಹಿಂದಿನ ಮಾಡೆಲ್ ನಿಜ. ಆದರೆ ಅದನ್ನು ಓದಿದ ಮೇಲೆ ನನ್ನ ಗಾಡಿಯ ಸ್ಟೀರಿಂಗ್ ನಡುವೆ ಏರ್‌ಬ್ಯಾಗ್ ಅಡಗಿರುವ ಆ ಮುಚ್ಚಳವನ್ನು ಸುಮ್ನೆ ನೋಡಿ ಬಿಡಲು ನನ್ನಿಂದ ಆಗಲಿಲ್ಲ.

ಭಾರತದಲ್ಲಿ ಹೋಂಡಾ ತಾನಾಗಿಯೇ ಹಂತ ಹಂತವಾಗಿ ಗಾಡಿಗಳನ್ನು ರಿಪೇರಿಗೆ ವಾಪಸ್ ಕರೆಯಿತು, ಇದಕ್ಕೇ ರೀಕಾಲ್ ಅನ್ನುವುದು. 2016ರ ಜುಲೈಯಲ್ಲಿ 1,90,578 ಗಾಡಿಗಳು. 2017ರ ಜನವರಿಯಲ್ಲಿ, 2012ರಲ್ಲಿ ತಯಾರಾದ 41,580 ಗಾಡಿಗಳು. 2018ರ ಜನವರಿಯಲ್ಲಿ, 2013ರಲ್ಲಿ ತಯಾರಾದ 22,834. ಅದರಲ್ಲಿ ಹೆಚ್ಚಿನವು ಸಿಟಿಗಳೇ. ಇನ್‌ಫ್ಲೇಟರ್ ಬದಲಿಸುವುದು ಪೂರ್ತಿ ಉಚಿತ. ಇದನ್ನು ನಾನು ಮನಸ್ಸಿನಿಂದ ಮೆಚ್ಚುತ್ತೇನೆ.

ಹಾಗಾದರೆ ತೊಂದರೆ ಎಲ್ಲಿ? ರೀಕಾಲ್ ಸುದ್ದಿ ಕಂಪನಿಯ ದಾಖಲೆಯಲ್ಲಿರುವ ಓನರ್‌ಗೆ ಹೋಗುತ್ತದೆ. ಅವರು ಗಾಡಿ ಮಾರಿ, ನಂಬರ್ ಬದಲಿಸಿ, ಊರು ಬಿಟ್ಟಿರುತ್ತಾರೆ. ನನಗೆ ಮಾರಿದ ಬ್ರೋಕರ್ ಟೈರು ತೋರಿಸಿದರು, ಪೇಂಟು ತೋರಿಸಿದರು, ಇನ್ಶೂರೆನ್ಸ್ ತೋರಿಸಿದರು. ಏರ್‌ಬ್ಯಾಗ್ ರೀಕಾಲ್ ಆಗಿದೆಯಾ ಅಂತ ಕೇಳಿದರೆ, "ಅದೆಲ್ಲ ಕಂಪನಿಯವರು ನೋಡಿರ್ತಾರೆ ಮೇಡಂ" ಅಂದರು. ಒಂದು ಕಾಗದವೂ ಇರಲಿಲ್ಲ. ಜೀವದ ವಿಷಯದಲ್ಲಿ ಈ ಉತ್ತರ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ಕಾನೂನಿನ ಬಲವೂ ಇಂಥ ಹಳೆ ಗಾಡಿಗೆ ಕಡಿಮೆಯೇ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು, ಕಂಪನಿಗಳಿಗೆ ರೀಕಾಲ್ ಮಾಡಲು ಆದೇಶಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟರು. 2021ರ ಏಪ್ರಿಲ್ 1ರಿಂದ ನಿಯಮವೂ ಬಂತು. ಆದರೆ ಅದು ಏಳು ವರ್ಷದೊಳಗಿನ ಗಾಡಿಗಳಿಗೆ. ಏಳು ವರ್ಷ ದಾಟಿದ ಗಾಡಿಯೇ ತಾನೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕೈ ಬದಲಾಯಿಸುತ್ತಾ ಹೋಗುವುದು? ಈ ಮಿತಿ ನನಗೆ ಸರಿ ಅನ್ನಿಸುವುದಿಲ್ಲ.

ಹಾಗಾಗಿ ನಾವೇ ನೋಡಿಕೊಳ್ಳಬೇಕು. ಆರ್‌ಸಿಯಲ್ಲಿ 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಇರುತ್ತದೆ. ಇಲ್ಲಿ ತಯಾರಾದ ಹೋಂಡಾ ಆದರೆ ಅದು ಎಂಎಕೆ ಅಂತ ಶುರುವಾಗುತ್ತದೆ. ಅಡ್ವಾನ್ಸ್ ಕೊಡುವ ಮೊದಲೇ ಅದರ ಫೋಟೋ ತೆಗೆದುಕೊಳ್ಳಿ. ಹೋಂಡಾ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಇಲ್ಲವೇ ಸರ್ವಿಸ್ ಸೆಂಟರ್‌ಗೆ ಹೋಗಿ ಕೇಳಿ. ನಾನು ಕೌಂಟರ್‌ನಲ್ಲಿ ನಂಬರ್ ಕೊಟ್ಟು ಕೇಳಿದೆ. ಬಾಕಿ ಇತ್ತು, ದಿನ ಗೊತ್ತು ಮಾಡಿ ಬದಲಿಸಿಕೊಟ್ಟರು, ಒಂದು ಪೈಸೆ ತಗೊಳ್ಳಲಿಲ್ಲ. ಕೆಲಸ ಮಾಡಿದ ಹುಡುಗ ಮೊದಲು ಬ್ಯಾಟರಿ ಕನೆಕ್ಷನ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆಯೇ ಸ್ಟೀರಿಂಗ್ ಮುಟ್ಟಿದ. ಹಾಗೆಯೇ ಮಾಡಬೇಕು, ಹೊರಗಿನ ಗ್ಯಾರೇಜಿನಲ್ಲಿ ಇದನ್ನು ಬಿಚ್ಚಿಸಬೇಡಿ. ಜಾಬ್ ಕಾರ್ಡಿನಲ್ಲಿ ಯಾವ ಬದಿಯದ್ದು ಬದಲಾಯಿತು ಅಂತ ಬರೆಸಿಕೊಳ್ಳಿ, ಡ್ರೈವರ್ ಕಡೆಯದ್ದೋ, ಪಕ್ಕದ ಸೀಟಿನದ್ದೋ. ನನ್ನ ಪ್ರತಿ ಆರ್‌ಸಿ ಜೊತೆಗೇ ಇದೆ.

ಇನ್ನೊಂದು. ಕೀ ತಿರುಗಿಸಿದಾಗ ಮೀಟರಿನಲ್ಲಿ ಎಸ್‌ಆರ್‌ಎಸ್ ದೀಪ, ಅಂದರೆ ಏರ್‌ಬ್ಯಾಗಿನ ಎಚ್ಚರಿಕೆ ದೀಪ, ಕೆಲವು ಸೆಕೆಂಡು ಹೊತ್ತಿ ಆರಬೇಕು. ಆರದೇ ಇದ್ದರೆ ತೊಂದರೆ. ಹೊತ್ತುವುದೇ ಇಲ್ಲ ಅಂದರೆ ಇನ್ನೂ ಜಾಸ್ತಿ ಅನುಮಾನಪಡಿ. ಅಪಘಾತವಾದ ಗಾಡಿಗೆ ಹೊಸ ಏರ್‌ಬ್ಯಾಗ್ ಹಾಕದೆ, ದೀಪವನ್ನೇ ತೆಗೆದು ಮಾರುವವರೂ ಇದ್ದಾರೆ.

ಸಿಟಿ ಅಲ್ಲದೆ ಆ ಕಾಲದ ಜಾಜ್, ಸಿವಿಕ್, ಅಕಾರ್ಡ್ ನೋಡುತ್ತಿದ್ದರೂ ಇದೇ ವಿಚಾರಣೆ ಮಾಡಿ. 2003ರಿಂದ 2006ರವರೆಗಿನ ಹಳೆ ಅಕಾರ್ಡ್‌ಗಳಲ್ಲಿ 3,669 ಗಾಡಿಗಳನ್ನು 2019ರಲ್ಲಿ ಕೂಡ ಕರೆದಿದ್ದರು. ಅಷ್ಟು ಹಳೆಯ ಗಾಡಿಗೆ ಈಗ ಯಾರು ಮಾಡಿಕೊಡುತ್ತಾರೆ ಅಂದುಕೊಳ್ಳಬೇಡಿ, ನಂಬರ್ ಕೊಟ್ಟು ಕೇಳಿ.